ತೆರೆದ ಕೈಗೆ ಎಷ್ಟು ಸಲ ದಂಡ?

ಜಪಾನಿ ಮಾಜಾಂಗ್ ಕಲಿಯಲು ಬಂದ ಹುಡುಗನೊಬ್ಬ ನಮ್ಮ ಮೇಜಿನಲ್ಲಿ ಕೂತಿದ್ದ. ಬೇರೆಯವರು ಬಿಟ್ಟ ಕಾಯಿಗಳನ್ನು ಮೂರು ಸಲ ಕೂಗಿ ಎತ್ತಿಕೊಂಡ. ಹದಿನಾಲ್ಕನೆಯ ಕಾಯಿ ಸಿಕ್ಕಿದ್ದೇ ತಡ, ಕೈ ಬಿಚ್ಚಿಟ್ಟ. ನಾಲ್ಕು ಗುಂಪು, ಒಂದು ಜೋಡಿ. ಲೆಕ್ಕ ಸರಿಯಾಗಿಯೇ ಇತ್ತು. ಇಲ್ಲದ್ದು ಯಾಕು ಒಂದೇ. ಯಾಕು ಎಂದರೆ ಗೆಲುವಿಗೆ ಅರ್ಹತೆ ಕೊಡುವ ವಿನ್ಯಾಸ. ಅದು ಒಂದಾದರೂ ಇಲ್ಲದೆ ಈ ಆಟದಲ್ಲಿ ಯಾರೂ ಗೆಲ್ಲುವಂತಿಲ್ಲ. ತಪ್ಪು ಗೆಲುವು ಸಾರಿದ್ದಕ್ಕೆ ಹುಡುಗ ಚೊಂಬೊ ತೆತ್ತ, ಒಂದು ದೊಡ್ಡ ಕೈಯ ಬೆಲೆಯಾದ ಮಾಂಗನ್‌ನಷ್ಟು ಪಾಯಿಂಟ್ ದಂಡ. ಆಮೇಲೆ ಹಿರಿಯರೊಬ್ಬರು ಅವನಿಗೆ ಹೇಳಿದರು: “ಇನ್ನು ಆರು ತಿಂಗಳು ಕೂಗೋಕೇ ಹೋಗಬೇಡಪ್ಪ. ಕೈ ಮುಚ್ಕೊಂಡು ಆಡು, ರೀಚಿ ಹೇಳು. ಕೂಗಿ ಗೆಲ್ಲೋದೂ ಒಂದು ಗೆಲುವಾ?”

ಈ ಮಾತನ್ನು ನಾನು ಬೇರೆ ಬೇರೆ ಬಾಯಲ್ಲಿ ಎಷ್ಟೋ ಸಲ ಕೇಳಿದ್ದೇನೆ. ಮೊದಲರ್ಧ ಅವಸರದ ಪಾಠ, ಕ್ಷಮಿಸಬಹುದು. ಎರಡನೆಯ ಅರ್ಧ ಸುಳ್ಳು. ಆ ಸುಳ್ಳಿನ ಮೇಲೆ ಒಂದು ನಿಯಮಾವಳಿಯೇ ನಿಂತಿದೆ. ಅದರ ಪ್ರಕಾರ, ಕೂಗಿ ತೆರೆದ ಕೈಯಲ್ಲಿ ತಾನ್ಯಾವೋ ಎಂಬ ಯಾಕು ಕಟ್ಟಿದರೆ ಗೆಲುವಿಲ್ಲ. ಯಾಕು ನಿಶ್ಚಯವಾಗುವ ಮೊದಲೇ ಕೂಗಿದರೂ ಗೆಲುವಿಲ್ಲ. ಈ ಎರಡೂ ಬಗೆಯ ಗೆಲುವನ್ನು ಒಪ್ಪದ ಮೇಜಿಗೆ ಜಪಾನಿನಲ್ಲಿ ‘ನಾಶಿ-ನಾಶಿ’ ಎನ್ನುತ್ತಾರೆ, ಎರಡೂ ಇಲ್ಲ ಎಂದು ಅರ್ಥ. ಒಪ್ಪುವ ಮೇಜು ‘ಆರಿ-ಆರಿ’. ದೊಡ್ಡ ವೃತ್ತಿಪರ ಲೀಗ್‌ಗಳು ಆಡುವುದು ಆರಿ-ಆರಿಯನ್ನೇ. ಆದರೂ ಗೆಳೆಯರ ಮೇಜುಗಳಲ್ಲಿ, ಕಲಿಸುವವರ ಬಾಯಲ್ಲಿ, ಮುಚ್ಚಿದ ಕೈ ಶುದ್ಧ, ತೆರೆದ ಕೈ ಕೀಳು ಎಂಬ ನಂಬಿಕೆ ಬೇರು ಬಿಟ್ಟು ಕೂತಿದೆ. ನಾನು ಬರೆಯುತ್ತಿರುವುದು ಅದರ ವಿರುದ್ಧ.

ನನ್ನ ಕಣ್ಣಿಗೆ ಇದು ಮಡಿ. ತೆರೆದ ತಾನ್ಯಾವೋಗೆ ಜಪಾನೀಯರು ‘ಕುಯಿತಾನ್’ ಎನ್ನುತ್ತಾರೆ. ‘ಕುಯಿ’ ಎಂದರೆ ತಿನ್ನುವುದು. ಇನ್ನೊಬ್ಬರು ಬಿಟ್ಟದ್ದನ್ನು ತಿಂದರೆ ಏನಾಗುತ್ತದೆಂದು ನಮಗೆ ಯಾರೂ ಬಿಡಿಸಿ ಹೇಳಬೇಕಿಲ್ಲ. ಎಂಜಲು ಮುಟ್ಟಿದ ಕೈ, ಮೈಲಿಗೆಯಾದ ಕೈ. ಕಾಯಿಗಳನ್ನು ಪೇರಿಸಿಟ್ಟ ಗೋಡೆಯಿಂದ ತಾನೇ ಎತ್ತಿದವುಗಳಿಂದ ಕಟ್ಟಿದ್ದು ಮಾತ್ರ ಮಡಿಯ ಅಡುಗೆ. ವಾದಕ್ಕೆ ಎಂತೆಂಥ ಕಾರಣಗಳನ್ನು ತಂದರೂ ಅವುಗಳ ತಳದಲ್ಲಿರುವುದು ಇದೇ ಭಾವನೆ. ರಮ್ಮಿ ಆಡಿದವರು ಒಮ್ಮೆ ಯೋಚಿಸಿ ನೋಡಲಿ. ಅಲ್ಲಿಯೂ ಕೈಯಲ್ಲಿ ಹದಿಮೂರು ಎಲೆ, ಅಲ್ಲಿಯೂ ಜೋಕರ್ ಇಲ್ಲದ ಒಂದು ಸೀಕ್ವೆನ್ಸ್ ಕಟ್ಟದೆ ಶೋ ಮಾಡುವಂತಿಲ್ಲ. ಪಕ್ಕದವರು ಬಿಟ್ಟ ಎಲೆಯನ್ನು ಎತ್ತಿಕೊಂಡವನನ್ನು ರಮ್ಮಿ ಮೇಜಿನಲ್ಲಿ ಯಾರಾದರೂ ಹೀಯಾಳಿಸಿದ್ದುಂಟೆ? ಬಿಟ್ಟ ಎಲೆಯನ್ನು ಗಮನಿಸದವನನ್ನೇ ದಡ್ಡನೆನ್ನುತ್ತಾರೆ.

ಮಾಜಾಂಗ್ ಗೊತ್ತಿಲ್ಲದವರಿಗಾಗಿ ನಾಲ್ಕು ಮಾತು. ಒಟ್ಟು 136 ಕಾಯಿ, 34 ಬಗೆ, ಪ್ರತಿ ಬಗೆಗೆ ನಾಲ್ಕು. ಮೂರು ರಂಗುಗಳಲ್ಲಿ ಒಂದರಿಂದ ಒಂಬತ್ತು. ಜೊತೆಗೆ ನಾಲ್ಕು ಗಾಳಿ, ಮೂರು ಡ್ರ್ಯಾಗನ್. ಎಡಗಡೆಯವರು ಬಿಟ್ಟ ಕಾಯಿ ನಮ್ಮ ಸಾಲನ್ನು ಪೂರ್ಣಗೊಳಿಸಿದರೆ ‘ಚೀ’ ಎಂದು ಕೂಗಿ ಎತ್ತಬಹುದು. ಯಾರೇ ಬಿಟ್ಟ ಕಾಯಿ ನಮ್ಮ ಜೋಡಿಗೆ ಸೇರಿದರೆ ‘ಪೋನ್’. ಹಾಗೆ ಎತ್ತಿದ ಗುಂಪನ್ನು ಎಲ್ಲರಿಗೂ ಕಾಣುವಂತೆ ಮೇಜಿನ ಬಲಮೂಲೆಯಲ್ಲಿ ಇಡಬೇಕು. ಅಲ್ಲಿಗೆ ಕೈ ತೆರೆಯಿತು. ಮುಚ್ಚಿದ ಕೈ ಗೆಲ್ಲಲು ಒಂದೇ ಕಾಯಿ ಬಾಕಿ ಇರುವಾಗ ಅದನ್ನು ಸಾರಿ ಹೇಳುವುದು ರೀಚಿ, ಅದೂ ಒಂದು ಯಾಕು. ಯಾಕುವಿನ ಬೆಲೆಯ ಅಳತೆ ಹಾನ್. ತಾನ್ಯಾವೋ ಎಂದರೆ ಒಂದು, ಒಂಬತ್ತು, ಗಾಳಿ, ಡ್ರ್ಯಾಗನ್ ಯಾವುದೂ ಇಲ್ಲದೆ ಎರಡರಿಂದ ಎಂಟರವರೆಗಿನ ಕಾಯಿಗಳಿಂದಲೇ ಕಟ್ಟಿದ ಕೈ.

ಮಡಿವಂತರು ತೆರೆದ ಕೈ ಅಗ್ಗದ ದಾರಿ ಎನ್ನುತ್ತಾರೆ. ಆ ದಾರಿಯ ಸುಂಕ ಎಷ್ಟೆಂದು ಅವರು ಕೂತು ಲೆಕ್ಕ ಹಾಕಿದ್ದರೆ ಈ ಮಾತು ಬರುತ್ತಿರಲಿಲ್ಲ. ಮೊದಲ ಸಲ ಕೂಗಿದ ಕ್ಷಣವೇ ರೀಚಿ ಹೋಯಿತು. ರೀಚಿ ಸಾರಿದ ಒಂದೇ ಸುತ್ತಿನೊಳಗೆ ಗೆದ್ದರೆ ಬರುವ ಇಪ್ಪತ್ಸು ಹೋಯಿತು, ಗೆದ್ದ ಮೇಲೆ ತಳದ ಕಾಯಿ ಮಗುಚಿ ಎಣಿಸುವ ಹೆಚ್ಚುವರಿ ಹಾನ್ ಆದ ಉರಾದೋರಾ ಹೋಯಿತು. ತಾನೇ ಎತ್ತಿ ಗೆದ್ದರೆ ಮುಚ್ಚಿದ ಕೈಗೆ ಸಿಗುವ ಒಂದು ಹಾನ್ ಹೋಯಿತು. ಪಿನ್‌ಫು, ಈಪೇಕೊ, ಏಳು ಜೋಡಿಯ ಚೀತೊಯಿ, ಮುಚ್ಚಿದ ಕೈಗೆ ಮಾತ್ರ ಸಲ್ಲುವ ಈ ಯಾಕುಗಳು ಯಾವುವೂ ಇನ್ನು ಸಿಗುವಂತಿಲ್ಲ. ಮೂರು ರಂಗಿನಲ್ಲೂ ಒಂದೇ ಸಾಲು ಕಟ್ಟುವ ಸಾನ್‌ಶೊಕು ಎರಡು ಹಾನ್‌ನಿಂದ ಒಂದಕ್ಕೆ ಇಳಿಯುತ್ತದೆ. ಒಂದೇ ರಂಗಿನಲ್ಲಿ ಒಂದರಿಂದ ಒಂಬತ್ತರವರೆಗಿನ ಸಾಲಿಗೂ ಅದೇ ಗತಿ. ಒಂದೇ ರಂಗಿನ ಜೊತೆ ಗಾಳಿ, ಡ್ರ್ಯಾಗನ್ ಸೇರಿದ ಹೋನಿತ್ಸು ಮೂರರಿಂದ ಎರಡಕ್ಕೆ, ಪೂರ್ತಿ ಒಂದೇ ರಂಗಿನ ಚಿನಿತ್ಸು ಆರರಿಂದ ಐದಕ್ಕೆ.

ಹಾನ್‌ಗಳ ಲೆಕ್ಕ ಹಾಗಿರಲಿ, ಪಾಯಿಂಟ್‌ನಲ್ಲೇ ನೋಡೋಣ. ರೀಚಿ, ತಾನ್ಯಾವೋ, ಪಿನ್‌ಫು ಮೂರೂ ಸೇರಿದ ಮುಚ್ಚಿದ ಕೈ ಇನ್ನೊಬ್ಬರ ಕಾಯಿಯಿಂದ ಗೆದ್ದರೆ 3,900 ಪಾಯಿಂಟ್. ಉರಾದೋರಾ ಒಂದು ಬಿದ್ದರೆ 7,700. ಅವೇ ಹದಿನಾಲ್ಕು ಕಾಯಿಗಳು, ಅದರಲ್ಲಿ ಒಂದು ಗುಂಪನ್ನು ಕೂಗಿ ಎತ್ತಿದ್ದರೆ 1,000. ಆ ಸುತ್ತಿನಲ್ಲಿ ಹೆಚ್ಚು ಬೆಲೆ ಸಿಗುವ ಬ್ಯಾಂಕರ್ ಆಗಿದ್ದರೆ 5,800ರ ಜಾಗದಲ್ಲಿ 1,500. ಹೆಚ್ಚುಕಡಿಮೆ ಕಾಲು ಭಾಗ.

ಇದು ಗೆದ್ದಾಗಿನ ಸುಂಕ. ಗೆಲ್ಲದೆ ಹೋದಾಗಿನದು ಇನ್ನೂ ಕಠಿಣ, ಹೊಸಬರಿಗೆ ಕಲಿಸಬೇಕಾದದ್ದೂ ಅದೇ. ಒಂದು ಸಲ ಕೂಗಿದರೆ ಕೈಯಲ್ಲಿ ಉಳಿಯುವುದು ಹತ್ತು ಕಾಯಿ, ಎರಡು ಸಲಕ್ಕೆ ಏಳು, ಮೂರು ಸಲಕ್ಕೆ ನಾಲ್ಕು. ಎದುರಿನವರು ರೀಚಿ ಸಾರಿ 1,000ದ ಕಡ್ಡಿಯನ್ನು ಮೇಜಿನ ಮೇಲಿಟ್ಟಾಗ ಮುಚ್ಚಿದ ಕೈಯವನು ಹದಿಮೂರರಲ್ಲಿ ಸುರಕ್ಷಿತವಾದದ್ದನ್ನು ಹುಡುಕುತ್ತಾನೆ. ಮೂರು ಸಲ ಕೂಗಿದವನ ಬಳಿ ಇರುವುದು ನಾಲ್ಕು; ನಾಲ್ಕೂ ಅಪಾಯದವಾದರೆ ಮೇಜಿನಲ್ಲಿ ಬಿಚ್ಚಿಟ್ಟ ಒಂಬತ್ತನ್ನು ವಾಪಸು ಎತ್ತಿಕೊಳ್ಳುವ ಹಾಗಿಲ್ಲ. ಅವನ ಅರ್ಧ ಗುಟ್ಟು ಆಗಲೇ ಬಯಲಾಗಿದೆ. ಯಾವ ರಂಗು ಕಟ್ಟುತ್ತಿದ್ದಾನೆ, ಯಾವ ಕಾಯಿಗೆ ಕಾಯುತ್ತಿರಬಹುದು ಎಂದು ಮೂವರೂ ಊಹಿಸಬಲ್ಲರು. ಇಷ್ಟೆಲ್ಲ ತೆತ್ತವನಿಗೆ ಕೊನೆಯಲ್ಲಿ ‘ನಿನ್ನ ಗೆಲುವು ಲೆಕ್ಕಕ್ಕಿಲ್ಲ’ ಎನ್ನುವುದು ಗಾಯದ ಮೇಲೆ ಬರೆ ಎಳೆದಂತೆ.

ಮಡಿವಂತರ ವಾದದಲ್ಲಿ ಗಟ್ಟಿಯಾದದ್ದು ಒಂದಿದೆ, ಅದಕ್ಕೆ ಉತ್ತರ ಕೊಡದೆ ಮುಂದೆ ಹೋಗಬಾರದು. ಸಾನ್‌ಶೊಕು ಎರಡರಿಂದ ಒಂದಾಗುತ್ತದೆ, ಹೋನಿತ್ಸು ಮೂರರಿಂದ ಎರಡಾಗುತ್ತದೆ. ಹಾಗಾದರೆ ಒಂದು ಹಾನ್‌ನ ತಾನ್ಯಾವೋ ಸೊನ್ನೆಯಾಗುವುದು ತರ್ಕಬದ್ಧವಲ್ಲವೇ ಎಂದು ಕೇಳುತ್ತಾರೆ. ಎಲ್ಲ ಯಾಕುಗಳೂ ಇಳಿಯುವುದಾಗಿದ್ದರೆ ನಾನೂ ಒಪ್ಪುತ್ತಿದ್ದೆ. ಡ್ರ್ಯಾಗನ್ನಿನ ಮೂರು ಕಾಯಿ ಕೂಗಿ ಎತ್ತಿದರೂ ಒಂದು ಹಾನ್, ಮುಚ್ಚಿದ್ದರೂ ಒಂದು ಹಾನ್. ಎಲ್ಲ ಗುಂಪೂ ತ್ರಿವಳಿಯಾದ ತೊಯಿತೊಯಿ ತೆರೆದರೂ ಎರಡೇ. ಅವುಗಳ ಮೇಲೆ ನಾಶಿ-ನಾಶಿಯವರಿಗೆ ಸಿಟ್ಟಿಲ್ಲ.

ಈ ಡ್ರ್ಯಾಗನ್ ವಿಷಯದಲ್ಲಿ ಸ್ವಲ್ಪ ನಿಲ್ಲಬೇಕು. ತೆರೆದ ತಾನ್ಯಾವೋ ಆಟವನ್ನು ಅದೃಷ್ಟದ ಪಾಲು ಮಾಡುತ್ತದೆ ಎಂಬುದು ಅವರ ಮುಖ್ಯ ದೂರು. ಡ್ರ್ಯಾಗನ್ ತ್ರಿವಳಿಗೆ ಬೇಕಾದದ್ದೇನು? ಹಂಚಿದ ಕಾಯಿಗಳಲ್ಲಿ ಒಂದು ಜೋಡಿ ಬಂದು ಕೂತಿರಬೇಕು, ಮೂರನೆಯದನ್ನು ಯಾರಾದರೂ ಬಿಡಬೇಕು. ಆಟಗಾರ ಮಾಡುವುದು ‘ಪೋನ್’ ಎನ್ನುವುದಷ್ಟೇ. ತಾನ್ಯಾವೋಗೆ 34 ಬಗೆಗಳಲ್ಲಿ 21 ಬಗೆ, 136 ಕಾಯಿಗಳಲ್ಲಿ 84 ಕಾಯಿ ಉಪಯೋಗಕ್ಕೆ ಬರುತ್ತವೆ. ಅಷ್ಟರಲ್ಲಿ ಯಾವುದನ್ನು ಉಳಿಸಬೇಕು, ಕೂಗಿದರೆ ಮುಂದಿನ ಸಾಲು ಒಡೆಯುತ್ತದೆಯೇ, ಒಂದರ ಪಕ್ಕದ ಎರಡು-ಮೂರನ್ನು ಬಿಡಬೇಕೇ ಎಂದು ಪ್ರತಿ ಸರದಿಯಲ್ಲೂ ನಿರ್ಧರಿಸುತ್ತ ಕೈಯನ್ನು ತಿದ್ದಬೇಕು. ಕುಯಿತಾನ್ ನಿಷೇಧಿಸಿದ ಮೇಜು ಕುಳಿತಲ್ಲೇ ಬಂದ ಜೋಡಿಗೆ ಬಾಗಿಲು ತೆರೆದಿಟ್ಟು, ಕೈಯಾರೆ ಕಟ್ಟಿದ್ದಕ್ಕೆ ಚಿಲಕ ಹಾಕುತ್ತದೆ. ಅದೃಷ್ಟವನ್ನು ಕಡಿಮೆ ಮಾಡಲು ಹೊರಟವರು ಮಾಡುವ ಕೆಲಸವೇ ಇದು?

ಜೋಡಿ ಬಾರದವನು ಏನು ಮಾಡಬೇಕು? ಮುಚ್ಚಿಕೊಂಡು ರೀಚಿಗೆ ಕಾಯಬೇಕು. ಕೊನೆಯವರೆಗೂ ಮುಟ್ಟದ ಹದಿನಾಲ್ಕು ಕಾಯಿ ಮತ್ತು ಹಂಚಿದ್ದು ಕಳೆದರೆ ಗೋಡೆಯಲ್ಲಿ ಉಳಿಯುವುದು ಸುಮಾರು ಎಪ್ಪತ್ತು. ಒಬ್ಬೊಬ್ಬರ ಪಾಲಿಗೆ ಹದಿನೇಳೋ ಹದಿನೆಂಟೋ. ಗೋಡೆ ಆ ಹದಿನೇಳರಲ್ಲಿ ಕೊಟ್ಟದ್ದೇ ಅವನ ಆಟ. ಮಿಕ್ಕ ಮೂವರು ಬಿಡುವ ಐವತ್ತು ಕಾಯಿಗಳು ಅವನ ಕಣ್ಣೆದುರೇ ಹಾದುಹೋಗುತ್ತವೆ, ಅವುಗಳಿಂದ ಅವನು ಏನನ್ನೂ ಕಟ್ಟುವಂತಿಲ್ಲ. ರೀಚಿ ಸಾರಿದ ಮೇಲಂತೂ ಕೈ ಬದಲಿಸುವಂತೆಯೇ ಇಲ್ಲ; ಎತ್ತಿದ್ದು ಗೆಲುವಿನ ಕಾಯಿಯಲ್ಲದಿದ್ದರೆ ಬಿಡುವುದೊಂದೇ ಕೆಲಸ. ಗೆದ್ದ ಮೇಲೆ ಗೋಡೆಯ ತಳದ ಕಾಯಿಯನ್ನು ಮಗುಚಿ ಉರಾದೋರಾ ನೋಡುತ್ತಾರೆ, 3,900 ಇದ್ದದ್ದು ಒಂದೇ ಕಾಯಿಯಿಂದ 7,700 ಆಗುತ್ತದೆ. ಈ ಆಟದಲ್ಲಿ ಶುದ್ಧ ಅದೃಷ್ಟ ಎನ್ನಬಹುದಾದದ್ದು ಯಾವುದಾದರೂ ಇದ್ದರೆ ಅದು ಉರಾದೋರಾ. ಅದು ಸಿಗುವುದು ರೀಚಿ ಸಾರಿದ ಮುಚ್ಚಿದ ಕೈಗೆ ಮಾತ್ರ.

ಅದೃಷ್ಟವನ್ನು ನಿಜವಾಗಿ ಕಡಿಮೆ ಮಾಡಬೇಕೆಂದವರು ಏನು ಮಾಡಿದರೆಂಬುದಕ್ಕೆ ದಾಖಲೆಯೇ ಇದೆ. ಜಪಾನ್ ವೃತ್ತಿಪರ ಮಾಜಾಂಗ್ ಲೀಗ್ 1981ರಲ್ಲಿ ಶುರುವಾಯಿತು. ಕೊಜಿಮಾ ತಾಕೆಓ ಅದರ ಮೊದಲ ಅಧ್ಯಕ್ಷರು. ಅದರ ಅತ್ಯುನ್ನತ ಪಟ್ಟ ‘ಹೋಓ-ಇ’. ಆ ಪಟ್ಟಕ್ಕಾಗಿ ಆಡುವ ನಿಯಮಾವಳಿಯಲ್ಲಿ ಇಪ್ಪತ್ಸು ಇಲ್ಲ, ಉರಾದೋರಾ ಇಲ್ಲ, ಕೆಂಪು ಐದು ಇಲ್ಲ. ಅದೃಷ್ಟದ ಕಳೆಯನ್ನು ಒಂದೊಂದಾಗಿ ಕಿತ್ತ ಆ ಕಟ್ಟುನಿಟ್ಟಿನ ಜನ ಕುಯಿತಾನ್ ಉಳಿಸಿಕೊಂಡರು, ತಡವಾಗಿ ಯಾಕು ಕೂಡಿಸುವುದನ್ನೂ ಉಳಿಸಿಕೊಂಡರು. ಅದೇ ಪಟ್ಟವನ್ನು ಸತತ ಮೂರು ಸಲ ಗೆದ್ದವರು ಫುರುಕಾವಾ ತಾಕಾಶಿ. ಅವರ ಶೈಲಿಗೆ ಜಪಾನಿನಲ್ಲಿ ‘ಸರ್ಫಿಂಗ್’ ಎಂದು ಹೆಸರು: ಅಲೆ ಬಂದ ಕಡೆ ಜಾರುತ್ತ, ಧಾರಾಳವಾಗಿ ಕೂಗುತ್ತ, ಸಣ್ಣ ಗೆಲುವುಗಳನ್ನು ಪೋಣಿಸುತ್ತ ಹೋಗುವುದು. ಉರಾದೋರಾದ ಆಸರೆಯಿಲ್ಲದ ಮೇಜಿನಲ್ಲಿ ತೆರೆದ ಕೈ ಮೂರು ವರ್ಷ ಸಿಂಹಾಸನದ ಮೇಲೆ ಕೂತಿತ್ತು.

ಕೆಂಪು ಐದರ ಮಾತು ಬಂತು. ಅನೇಕ ಮೇಜುಗಳಲ್ಲಿ ಪ್ರತಿ ರಂಗಿಗೆ ಒಂದರಂತೆ ಮೂರು ಐದುಗಳು ಕೆಂಪು, ಒಂದೊಂದಕ್ಕೂ ಒಂದು ಹಾನ್ ಹೆಚ್ಚುವರಿ. ಐದು ತಾನ್ಯಾವೋದೊಳಗೇ ಬರುವ ಕಾಯಿ. ಹೀಗಾಗಿ ಮೂರೂ ಕೆಂಪು ಐದುಗಳಿರುವ ತೆರೆದ ತಾನ್ಯಾವೋ 7,700ಕ್ಕೆ ಹಾರುತ್ತದೆ. ‘ಎರಡು ಕೂಗಿಗೆ ಇಷ್ಟೊಂದು ಹಣವೇ’ ಎಂದು ಸೋತವನು ಹಲ್ಲು ಕಡಿಯುತ್ತಾನೆ. ಅವನ ನೋವು ನನಗೆ ಅರ್ಥವಾಗುತ್ತದೆ, ನಾನೂ ತೆತ್ತಿದ್ದೇನೆ. ಆದರೆ ಉಬ್ಬಿಸಿದ್ದು ಕೆಂಪು ಬಣ್ಣ. ಅದು ಮುಚ್ಚಿದ ಕೈಯನ್ನೂ ಅಷ್ಟೇ ಉಬ್ಬಿಸುತ್ತದೆ. ಕೆಂಪು ಐದು ಹೆಚ್ಚಾಯಿತೆನಿಸಿದರೆ ಪೆಟ್ಟಿಗೆಯಲ್ಲಿರುವ ಸಾಮಾನ್ಯ ಐದುಗಳನ್ನು ತೆಗೆದು ಹಾಕಿಕೊಂಡು ಆಡಬಹುದು. ಅದನ್ನು ಬಿಟ್ಟು ಕುಯಿತಾನ್ ನಿಷೇಧಿಸುವುದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ.

ಇನ್ನು ಅತೊಜುಕೆ. ಯಾಕು ನಿಶ್ಚಯವಾಗದೆ ಮೊದಲು ಕೂಗಿ, ಆಮೇಲೆ ಯಾಕು ಕೂಡಿಸುವುದಕ್ಕೆ ಈ ಹೆಸರು. ಇದರ ನಿಷೇಧ ನನಗೆ ಕುಯಿತಾನ್ ನಿಷೇಧಕ್ಕಿಂತಲೂ ಅನ್ಯಾಯವಾಗಿ ಕಾಣುತ್ತದೆ. ನನ್ನ ಕೈಯಲ್ಲಿ ಬಿಳಿ ಡ್ರ್ಯಾಗನ್ನಿನ ಜೋಡಿ ಇದೆ, ಬಿದಿರು ರಂಗಿನ ನಾಲ್ಕು-ಐದು ಇದೆ ಎಂದಿಟ್ಟುಕೊಳ್ಳಿ. ಯಾರೋ ಬಿಳಿ ಡ್ರ್ಯಾಗನ್ ಬಿಟ್ಟರು, ಪೋನ್ ಕೂಗಿದೆ. ಆಮೇಲೆ ಎಡಗಡೆಯವರು ಬಿದಿರಿನ ಮೂರು ಬಿಟ್ಟರು, ಚೀ ಕೂಗಿದೆ. ಈ ಕೈ ಗೆಲ್ಲಬಹುದು. ಈಗ ಮೂರು ಮೊದಲು ಬಂತು, ಡ್ರ್ಯಾಗನ್ ನಂತರ ಬಂತು. ಅವೇ ಕಾಯಿ, ಅವೇ ಗುಂಪು, ಅದೇ ಬೆಲೆ, ಆದರೆ ಗೆಲ್ಲುವಂತಿಲ್ಲ. ಎರಡರ ನಡುವೆ ನಾನು ಮಾಡಿದ ತಪ್ಪೇನು? ಎಡಗಡೆಯವರು ಯಾವಾಗ ಏನು ಬಿಡುತ್ತಾರೆಂಬುದು ನನ್ನ ಕೈಯಲ್ಲಿಲ್ಲ. ಇದನ್ನು ಶಿಸ್ತು ಎಂದು ಕರೆಯಲು ನನಗೆ ನಾಲಿಗೆ ಬರುವುದಿಲ್ಲ.

ಶಿಸ್ತೆಂದೇ ಒಪ್ಪಿದರೂ ಅದನ್ನು ಪರೀಕ್ಷಿಸುವ ಬಗೆ ಯಾವುದು? ನಾನು ಮೊದಲು ಸಾಮಾನ್ಯ ಸಾಲನ್ನು ಕೂಗಿದೆ, ಕೊನೆಯಲ್ಲಿ ಕೈ ಬಿಚ್ಚಿದಾಗ ಒಳಗೆ ಬಿಳಿ ಡ್ರ್ಯಾಗನ್ನಿನ ತ್ರಿವಳಿ ಇದೆ. ಕೂಗುವಾಗಲೇ ಮೂರಿದ್ದವೋ, ಎರಡಿದ್ದು ಆಮೇಲೆ ಒಂದು ಎತ್ತಿದೆನೋ? ನನಗೊಬ್ಬನಿಗೇ ಗೊತ್ತು. ಒಂದು ಮೇಜು ‘ಮೊದಲ ಕೂಗೇ ಯಾಕುವಿನ ಭಾಗವಾಗಿರಬೇಕು’ ಎನ್ನುತ್ತದೆ, ಇನ್ನೊಂದು ‘ಒಳಗೆ ನಿಶ್ಚಯವಾಗಿದ್ದರೆ ಸಾಕು’ ಎನ್ನುತ್ತದೆ. ಮೇಜಿನ ಮೇಲೆ ಸಾಕ್ಷಿ ಉಳಿಯದ ವಿಷಯದ ಮೇಲೆ ದಂಡ ವಿಧಿಸುವ ನಿಯಮ ಜಗಳವನ್ನೇ ತರುತ್ತದೆ. ಆರಿ-ಆರಿ ಮೇಜಿನಲ್ಲಿ ಪ್ರಶ್ನೆ ಒಂದೇ: ಗೆದ್ದಾಗ ಈ ಹದಿನಾಲ್ಕು ಕಾಯಿಗಳಲ್ಲಿ ಯಾಕು ಇದೆಯೇ? ನಾಲ್ವರೂ ಬಗ್ಗಿ ನೋಡಿದರೆ ಉತ್ತರ ಸಿಗುತ್ತದೆ.

ತಡವಾಗಿ ಯಾಕು ಕೂಡಿಸುವವನಿಗೆ ಶಿಕ್ಷೆಯೇ ಇಲ್ಲವೆಂದು ಯಾರೂ ತಿಳಿಯಬೇಕಿಲ್ಲ. ನಾಲ್ಕು-ಐದಕ್ಕೆ ಮೂರು ಬಂದರೆ ಸಾನ್‌ಶೊಕು, ಆರು ಬಂದರೆ ಏನೂ ಇಲ್ಲ ಎಂಬ ತೆರೆದ ಕೈ ಇಟ್ಟುಕೊಂಡವನ ಎದುರು ಯಾರೋ ಆರು ಬಿಡುತ್ತಾರೆ. ಯಾಕು ಇಲ್ಲ, ಗೆಲ್ಲುವಂತಿಲ್ಲ. ಅಷ್ಟೇ ಅಲ್ಲ, ತನ್ನ ಮುಂದಿನ ಸರದಿ ಬರುವವರೆಗೆ ಮೂರು ಬಿದ್ದರೂ ಎತ್ತುವಂತಿಲ್ಲ. ತಾನೇ ಆರನ್ನು ಎತ್ತಿ ಬಿಟ್ಟನೋ, ಫುರಿತೆನ್‌ಗೆ ಸಿಕ್ಕಿಬಿದ್ದ. ಕಾಯುವ ಕಾಯಿ ಬದಲಿಸದ ಹೊರತು ಇನ್ನೊಬ್ಬರ ಕಾಯಿಯಿಂದ ಅವನಿಗೆ ಗೆಲುವಿಲ್ಲ. ಡ್ರ್ಯಾಗನ್ನಿಗೆ ಕಾದವನ ಗತಿಯೂ ಹೀಗೇ. ಅನುಭವಿಗಳು ಅವನ ಉದ್ದೇಶ ಮೂಸಿ ನೋಡಿ ಆ ಕಾಯಿಯನ್ನು ಕೊನೆಯವರೆಗೂ ಬಿಗಿಹಿಡಿದು ಕೂರುತ್ತಾರೆ. ಜಪಾನಿನಲ್ಲಿ ಇದಕ್ಕೆ ‘ಹಿಂಡುವುದು’ ಎನ್ನುತ್ತಾರೆ. ತಮ್ಮ ಕೈಯನ್ನು ಹಾಳುಮಾಡಿಕೊಂಡಾದರೂ ಬಿಡದೆ ಹಿಂಡುವುದು, ಅದನ್ನು ಎದುರಿಸಿ ದಾರಿ ಹುಡುಕುವುದು, ನಾಲ್ವರ ಆಟದ ಸೊಗಸೆಲ್ಲ ಅಲ್ಲಿದೆ. ನಿಷೇಧ ಬಂದ ದಿನ ಈ ಗುದ್ದಾಟ ಸತ್ತುಹೋಗುತ್ತದೆ.

ತೆರೆದ ಕೈಯ ಮೇಲಿನ ನಿರ್ಬಂಧಗಳೆಲ್ಲ ತಪ್ಪೆಂದು ನಾನು ಹೇಳುತ್ತಿಲ್ಲ. ಕುಯಿಕಾಯೆ ನಿಷೇಧ ಸರಿಯಾದದ್ದು. ಐದು-ಆರು-ಏಳು ಕೈಯಲ್ಲೇ ಪೂರ್ಣವಾಗಿರುವಾಗ ನಾಲ್ಕನ್ನು ಕೂಗಿ ಎತ್ತಿ ಏಳನ್ನು ಬಿಡುವ ಚಾಲಾಕಿತನಕ್ಕೆ ಆ ಹೆಸರು. ಕೈ ಒಂದಿಂಚೂ ಮುಂದೆ ಹೋಗುವುದಿಲ್ಲ, ಬೇರೆಯವರ ಸರದಿಯ ಓಟ ಮಾತ್ರ ಕೆಡುತ್ತದೆ. ಯಾಕು ಇಲ್ಲದೆ ಗೆಲ್ಲುವಂತಿಲ್ಲ ಎಂಬುದೂ ಸರಿ, ಅದು ತೆರೆದ ಕೈಗೂ ಮುಚ್ಚಿದ ಕೈಗೂ ಒಂದೇ ಕಟ್ಟಳೆ.

ಸಂಪ್ರದಾಯದ ಮಾತನ್ನು ಕೇಳಿದಾಗ ನನಗೆ ಹೆಚ್ಚು ಬೇಸರ. ಮುಚ್ಚಿದ ಕೈಯೇ ಜಪಾನಿ ಮಾಜಾಂಗ್‌ನ ಮೂಲ ಧರ್ಮ ಎನ್ನುತ್ತಾರೆ. ಆಟ ಚೀನಾದಿಂದ ಬಂದದ್ದು, ಅಲ್ಲಿ ಕೂಗುವುದು ಆಟದ ಉಸಿರು. ಸಾಹಿತಿ ಕಿಕುಚಿ ಕಾನ್ ಅಧ್ಯಕ್ಷತೆಯಲ್ಲಿ 1929ರಲ್ಲಿ ಜಪಾನ್ ಮಾಜಾಂಗ್ ಒಕ್ಕೂಟ ಹುಟ್ಟಿದಾಗ ಇಂದಿನ ರೂಪದ ರೀಚಿಯೂ ಇರಲಿಲ್ಲ, ಹೆಚ್ಚುವರಿ ಹಾನ್ ಕೊಡುವ ದೋರಾವೂ ಇರಲಿಲ್ಲ. ಅವು ಎರಡನೆಯ ಮಹಾಯುದ್ಧದ ನಂತರ ಬೆಳೆದವು. ಮುಚ್ಚಿದ ಕೈಗೆ ಸಿಂಹಾಸನ ಸಿಕ್ಕಿದ್ದು ಆಮೇಲೆ.

1,000 ಪಾಯಿಂಟ್‌ನ ಗೆಲುವನ್ನು ಚಿಲ್ಲರೆ ಎಂದು ನಗುವವರಿಗೆ ಇನ್ನೊಂದು ಲೆಕ್ಕ. 2018ರಲ್ಲಿ ಆರಂಭವಾದ ಜಪಾನಿನ ವೃತ್ತಿಪರ ತಂಡಗಳ ಎಂ-ಲೀಗ್‌ನಲ್ಲಿ ಸ್ಥಾನದ ಬಹುಮಾನವೇ ಮೊದಲಿಗನಿಗೆ 50, ಎರಡನೆಯವನಿಗೆ 10. ನಡುವಿನ ಅಂತರ 40, ಅಂದರೆ ಮೇಜಿನ ಮೇಲಿನ 40,000 ಪಾಯಿಂಟ್‌ಗೆ ಸಮ. ಕೊನೆಯ ಸುತ್ತಿನಲ್ಲಿ 800 ಪಾಯಿಂಟ್ ಹಿಂದಿರುವವನು ಎರಡು ಸಲ ಕೂಗಿ ತಾನ್ಯಾವೋ ಕಟ್ಟಿ ಆಟ ಮುಗಿಸಿದರೆ ಅವನು ಆಡಿದ್ದು ಆ 40,000ಕ್ಕೆ. ಹಿಂದಿನ ಸುತ್ತುಗಳಲ್ಲಿ ಎದುರಾಳಿಯ ದೊಡ್ಡ ಕೈ ಬೆಳೆಯುವ ಮೊದಲೇ ಅದರ ಕತ್ತು ಹಿಸುಕಿದ ಸಣ್ಣ ಗೆಲುವುಗಳಿಗೂ ಇಂಥದೇ ಬೆಲೆ ಇದೆ, ಅಂಕಪಟ್ಟಿಯಲ್ಲಿ ಅದು ಕಾಣುವುದಿಲ್ಲ.

ಆ ಲೀಗ್‌ನ ಮೊದಲ ಋತುವನ್ನು ಗೆದ್ದದ್ದು ಅಕಸಾಕಾ ಡ್ರೈವನ್ಸ್. ತಂಡದಲ್ಲಿ ಮೂವರು. ಮುರಾಕಾಮಿ ಜುನ್ ಅವರಿಗೆ ‘ರೀಚಿಯ ಅತಿಮಾನವ’ ಎಂದೇ ಹೆಸರು, ಕೈ ಮುಚ್ಚಿಕೊಂಡು ರೀಚಿ ಸಾರುವುದೇ ಅವರ ಧರ್ಮ. ಸೊನೊಡಾ ಕೆನ್ ಎಲ್ಲೆಂದರಲ್ಲಿ ಕೂಗಿ, ಯಾರೂ ಊಹಿಸದ ಕಡೆಯಿಂದ ಯಾಕು ಹೊರಡಿಸುವ ಮಾಂತ್ರಿಕ. ಮೂರನೆಯವರು ಸುಜುಕಿ ತಾರೋ. ಸೊನೊಡಾ ಗೆದ್ದ ಪಾಯಿಂಟ್ ಮೈಲಿಗೆ, ಮುರಾಕಾಮಿ ಗೆದ್ದದ್ದು ಮಡಿ ಎಂದು ಆ ತಂಡದ ಪಟ್ಟಿಯಲ್ಲಿ ಯಾರೂ ಬೇರೆ ಬೇರೆ ಬರೆದಿಡಲಿಲ್ಲ.

ಮತ್ತೆ ಆ ಹುಡುಗನ ಕಡೆ ಬರುತ್ತೇನೆ. ಅವನು ಚೊಂಬೊ ಕಟ್ಟಿದ್ದು ಕೂಗಿದ್ದಕ್ಕಲ್ಲ, ಏನನ್ನು ಕಟ್ಟಲು ಕೂಗುತ್ತಿದ್ದೇನೆಂದು ತಿಳಿಯದೆ ಕೂಗಿದ್ದಕ್ಕೆ. ಕಲಿಸಬೇಕಾದದ್ದು ಅದನ್ನು. ಆರು ತಿಂಗಳು ಬಾಯಿ ಮುಚ್ಚಿಸಿದರೆ ಅವನು ಎಡಗಡೆಯವರ ಕಾಯಿಗಳನ್ನು ನೋಡುವುದನ್ನೇ ಮರೆಯುತ್ತಾನೆ. ತನ್ನ ಹದಿಮೂರು ಕಾಯಿ, ತನ್ನ ರೀಚಿ, ತನ್ನ ಅದೃಷ್ಟ ಇಷ್ಟರಲ್ಲೇ ಬೆಳೆಯುತ್ತಾನೆ. ಅಂಥವರ ನಡುವೆ ಕೂತು ನಾನು ಆಡಿದ್ದೇನೆ. ನಾಲ್ವರೂ ಒಬ್ಬೊಬ್ಬರೇ ಆಡುತ್ತಿರುವಂತಿರುತ್ತದೆ.

ಮೇಜು ನಡೆಸುವವರಲ್ಲಿ, ಹೊಸಬರಿಗೆ ಕಲಿಸುವವರಲ್ಲಿ ನನ್ನ ಕೋರಿಕೆ ಇಷ್ಟು. ಆರಿ-ಆರಿ ಆಡಿಸಿ. ಮೊದಲ ದಿನವೇ ಎರಡು ಯಾಕು ಕಲಿಸಿ: ಒಂದು ರೀಚಿ, ಇನ್ನೊಂದು ತೆರೆದ ತಾನ್ಯಾವೋ. ಆಮೇಲೆ ಹುಡುಗನನ್ನು ಅವನ ಪಾಡಿಗೆ ಕೂಗಲು ಬಿಡಿ.